ತೊಳೆಯಬಾರದ ಗೆಡ್ಡೆ

“ನಮ್ಮೆಲ್ಲರ ಪ್ರೀತಿಯ ಗ್ರೀಕ್ ಅಂಕಲ್ ಇನ್ನಿಲ್ಲ. ಹೋಟೆಲ್ ಅಡುಗೆಯಲ್ಲಿ ಜೀವ ಸವೆಸಿದ ಈ ಹಿರಿಯರು ಒಮ್ಮೆ ನಮ್ಮ ರಾಜ್ಯೋತ್ಸವಕ್ಕೂ ತಮ್ಮ ನಾಡಿನ ಅಡುಗೆ ಮಾಡಿದ್ದರು. ಮರೆವಿನ ಕಾಯಿಲೆ ಆ ವೇಳೆಗಾಗಲೇ ಅವರನ್ನು ಆವರಿಸಿದ್ದರಿಂದ ಅಂದಿನ ಅಡುಗೆ ಕೆಟ್ಟಿತಾದರೂ, ಅವರ ಪ್ರೀತಿಯ ರುಚಿ ನಮ್ಮ ನಾಲಗೆಯ ಮೇಲೆ ಇಂದಿಗೂ ಉಳಿದಿದೆ.”

ಆಕ್ಲೆಂಡಿನಲ್ಲಿ ನಾವು ಕೆಲವು ಕುಟುಂಬದವರು ಸೇರಿ ನಡೆಸುವ ಪುಟ್ಟ ಕನ್ನಡ ಕೂಟದ ಈ ಸಲದ ಸ್ಮರಣ ಸಂಚಿಕೆಯಲ್ಲಿ, ಮನೆ ಸಾಲದ ಜಾಹೀರಾತೊಂದರ ಕೆಳಗೆ ಉಳಿದ ಜಾಗದಲ್ಲಿ, ಈ ಶ್ರದ್ಧಾಂಜಲಿ ಅಚ್ಚಾಗಿದೆ. ಬರೆದವರ ಉದ್ದೇಶ ಕೆಟ್ಟದ್ದಲ್ಲ. ಓದಿದವರು ತಲೆದೂಗಿರಬಹುದು, ಒಬ್ಬಿಬ್ಬರು ಕಣ್ಣೊರೆಸಿಕೊಂಡಿರಲೂಬಹುದು. ಆದರೆ ಇದರಲ್ಲಿ ಅವರು ತೀರಿಕೊಂಡರು ಎಂಬುದೊಂದನ್ನು ಬಿಟ್ಟರೆ ನಿಜವಾದ ಮಾತು ಒಂದೂ ಇಲ್ಲ. ಅವರು ಗ್ರೀಸ್ ದೇಶದವರಲ್ಲ. ಹೋಟೆಲಿನಲ್ಲಿ ತಮ್ಮ ನಾಡಿನ ಅಡುಗೆಯನ್ನು ಒಂದು ದಿನವೂ ಮಾಡಿದವರಲ್ಲ. ಮರೆವು ಅವರಿಗೆ ಇರಲಿಲ್ಲ. ನಮ್ಮ ನಾಲಗೆಯ ಮೇಲೆ ಅಂದು ಉಳಿದದ್ದು ಬರೀ ತುರಿಕೆ, ಅದಕ್ಕೆ ಕಾರಣ ಅವರಾಗಿರಲಿಲ್ಲ.

ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ನಮ್ಮವರು ಯಾರೂ ಅವರ ಹೆಸರನ್ನು ಸರಿಯಾಗಿ ಕೇಳಿ ತಿಳಿದುಕೊಳ್ಳಲಿಲ್ಲ. ಸತ್ತ ಮೇಲೆ ನಾನೊಬ್ಬನೇ ಅದನ್ನು ಬರೆದು ಮೆರೆಯುವುದು ಸರಿಯಲ್ಲ.

ಅವರು ಸೈಪ್ರಸ್ ದ್ವೀಪದವರು. ಮನೆಮಾತು ಗ್ರೀಕ್ ಆಗಿತ್ತು, ನಿಜ. “ಭಾಷೆ ಅದು, ಊರು ಇದು,” ಎನ್ನುತ್ತಿದ್ದರು. ದಕ್ಷಿಣದವರೆಂಬ ಕಾರಣಕ್ಕೆ ಮದ್ರಾಸಿಗಳೆಂದು ಕರೆಸಿಕೊಂಡು ಕುದಿದ ನಮ್ಮವರಿಗೆ ಈ ಮಾತು ಬೇಗ ಅರ್ಥವಾಗಬೇಕಿತ್ತು. ಆಗಲಿಲ್ಲ. ‘ಗ್ರೀಕ್ ಅಂಕಲ್’ ಎಂದು ಯಾರಾದರೂ ಕೂಗಿದರೆ ಅವರು ಹಿಂದೆ ತಿರುಗಿ, ತಮ್ಮ ಬೆನ್ನ ಹಿಂದೆ ಇನ್ನು ಯಾರಾದರೂ ನಿಂತಿದ್ದಾರೆಯೇ ಎಂದು ನಿಧಾನವಾಗಿ ನೋಡುತ್ತಿದ್ದರು. ಜನ ಅದನ್ನು ತಮಾಷೆ ಎಂದುಕೊಂಡರು. ಮುಂದೆ, ಅದನ್ನೂ ಮರೆವಿನ ಲಕ್ಷಣಗಳಲ್ಲಿ ಒಂದೆಂದು ಸೇರಿಸಿಕೊಂಡರು.

ನನಗೆ ಅವರ ಪರಿಚಯವಾದದ್ದು ಆಕ್ಲೆಂಡಿನ ಕಾರ್ಖಾನೆಗಳ ಬಡಾವಣೆಯಾದ ಪೆನ್‌ರೋಸ್‌ನಲ್ಲಿ. ನಾನು ಅಲ್ಲಿನ ಶೈತ್ಯಾಗಾರವೊಂದರಲ್ಲಿ ಯಂತ್ರಗಳ ರಿಪೇರಿ ಮಾಡುತ್ತಿದ್ದೆ. ಎದುರಿನ ರಸ್ತೆಯಲ್ಲಿ ಅವರ ಲಂಚ್ ಬಾರ್. ಗೋದಾಮುಗಳ ಜನ ಮಧ್ಯಾಹ್ನ ಸಾಲುಗಟ್ಟಿ ಪೈ, ಮೀನು, ಚಿಪ್ಸ್ ಕೊಳ್ಳುತ್ತಿದ್ದ ಅಂಗಡಿ ಅದು. ಮೊದಲ ದಿನ ನಾನು ಬರೀ ಚಿಪ್ಸ್ ಕೇಳಿದೆ. ಅವರು ಕಾಗದದಲ್ಲಿ ಸುತ್ತಿ ಕೈಗೆ ಕೊಡುವ ಹೊತ್ತಿಗೆ ನನ್ನ ಮುಖ ನೋಡಿದರು.

“ಮೀನು ಬೇಡ, ಪೈ ಬೇಡ. ನೀನು ಮಾಂಸ ತಿನ್ನಲ್ವಾ?”

“ತಿನ್ನಲ್ಲ.”

ಪೊಟ್ಟಣವನ್ನು ಹಿಂದಕ್ಕೆ ಎಳೆದುಕೊಂಡರು. “ಹಾಗಾದ್ರೆ ಇದು ನಿನಗಲ್ಲ. ಇಲ್ಲಿ ಕರಿಯೋದು ಎಣ್ಣೇಲಿ ಅಲ್ಲ, ದನದ ಕೊಬ್ಬಲ್ಲಿ.”

ನನ್ನ ಹಿಂದೆ ನಿಂತಿದ್ದ ಲಾರಿ ಚಾಲಕ ನಕ್ಕ. “ಬಾಸ್, ಹೇಳದೇ ಇದ್ದಿದ್ರೆ ಅವನಿಗೇನು ಗೊತ್ತಾಗ್ತಿತ್ತು?”

“ಕೊಟ್ಟೋನು ನಾನು. ನನಗೆ ಗೊತ್ತಿರ್ತಿತ್ತು,” ಎಂದು ಅವರು ಆ ಪೊಟ್ಟಣವನ್ನು ಚಾಲಕನ ಕೈಗೇ ತುರುಕಿದರು. “ನೀನು ತಿನ್ನು. ನಿನ್ನ ಬಾಯಿ ಮುಚ್ಚಿದ ಹಾಗಾಗುತ್ತೆ.”

ಆಮೇಲೆ ಒಳಗೆ ಹೋಗಿ ತಮ್ಮ ಸ್ವಂತ ಊಟದ ಡಬ್ಬಿ ತಂದು, ಅದರಲ್ಲಿದ್ದುದರ ಅರ್ಧವನ್ನು ಒಂದು ತಟ್ಟೆಗೆ ಸುರಿದರು. ನೋಡಿದರೆ ಅಲಸಂದೆ ಕಾಳು. ಯಾವುದೋ ಸೊಪ್ಪಿನ ಜೊತೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ ಹೊಯ್ದು, ನಿಂಬೆ ಹಿಂಡಿದ್ದರು. ಅದು ಅವರ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲ. ಮಾಂಸ, ಹಾಲು, ಮೊಟ್ಟೆ ಎಲ್ಲವನ್ನೂ ಬಿಡುವ ಆ ವಾರಗಳಲ್ಲಿ ಅವರ ದ್ವೀಪದ ಜನ ಕಾಳು, ಸೊಪ್ಪು, ಗೆಡ್ಡೆ ತಿಂದು ಇರುತ್ತಾರೆ. ಅಂಗಡಿಯಲ್ಲಿ ಮಾರುವುದು ದನದ ಕೊಬ್ಬಿನ ಚಿಪ್ಸ್, ಹಿಂದಿನ ಕೋಣೆಯಲ್ಲಿ ತಿನ್ನುವುದು ಅಲಸಂದೆ. ಒಂದು ಜೀವನ ಪೂರ್ತಿ ಅವರು ಹೀಗೆಯೇ ಬಾಳಿದರು. “ನಿಮ್ಮ ಅಡುಗೆಯನ್ನೇ ಮಾರಬಹುದಲ್ಲ?” ಎಂದು ನಾನು ಕೇಳಿದ್ದುಂಟು. “ಇವರು ಅದಕ್ಕೂ ಟೊಮೇಟೊ ಸಾಸ್ ಸುರೀತಾರೆ. ನನ್ನ ಅಮ್ಮನ ಮುಖಕ್ಕೆ ಸುರಿದ ಹಾಗೆ,” ಎಂದರು.

ನಮ್ಮವರು ಈ ಊರಿನ ಬೇರೆ ಬೇರೆ ಅಂಗಡಿಗಳಲ್ಲಿ ಎಷ್ಟು ವರ್ಷ ಆ ಕೊಬ್ಬಿನ ಚಿಪ್ಸನ್ನು ಶುದ್ಧ ಸಸ್ಯಾಹಾರವೆಂದು ನಂಬಿ ತಿಂದರೋ ತಿಳಿಯದು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಹೇಳಿದವರು ನನಗೆ ಗೊತ್ತಿದ್ದಂತೆ ಒಬ್ಬರೇ. ತಿನ್ನುವವನಿಗೆ ತಿಳಿಸದೆ ಒಂದು ತುತ್ತನ್ನೂ ಕೊಡದ ಆ ಮನುಷ್ಯನ ಮೇಲೆ, ಬೇಯದ ಗೆಡ್ಡೆಯನ್ನು ಮಕ್ಕಳಿಗೆ ತಿನ್ನಿಸಿದರೆಂಬ ಅಪವಾದ ಬಂತು.

ಅವರನ್ನು ಸಾಧು ಮಾಡುವುದು ನನ್ನ ಉದ್ದೇಶವಲ್ಲ. ಮುಂಗೋಪಿ. ಬಾಯಿ ಕೆಟ್ಟದ್ದು. ತಮ್ಮ ದ್ವೀಪದ ವಿಷಯಕ್ಕೆ ಬಂದರೆ ಸುಳ್ಳೆಂದು ಗೊತ್ತಿದ್ದೂ ಬಿಡುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಇಬ್ಬರೂ ಆಕ್ಲೆಂಡಿನ ಪಶ್ಚಿಮದ ಹೆಂಡರ್ಸನ್‌ನಲ್ಲಿ ಒಂದೇ ಬೀದಿಯವರಾದೆವು. ಹೆಂಡತಿ ಎಂದೋ ತೀರಿಕೊಂಡಿದ್ದ ಅವರು ಒಬ್ಬರೇ ಇದ್ದರು. ನನ್ನನ್ನು ‘ಕುಂಬಾರೆ’ ಎಂದು ಕರೆಯುತ್ತಿದ್ದರು. ಮದುವೆಯಲ್ಲಿ ವರನ ಜೊತೆ ನಿಲ್ಲುವ ಆಪ್ತನನ್ನು ಅವರ ಊರಲ್ಲಿ ಹಾಗೆ ಕರೆಯುತ್ತಾರಂತೆ; ಬರಬರುತ್ತ ಗೆಳೆಯರಿಗೆಲ್ಲ ಅದೇ ಕರೆ.

ನಮ್ಮ ದೊಡ್ಡ ಜಗಳ ಕೆಸುವಿನ ಗೆಡ್ಡೆಯದು. ಇಲ್ಲಿ ಸಮೋವಾದವರ ಅಂಗಡಿಗಳಲ್ಲಿ ಟಾರೊ ಎಂದು ಸಿಗುವ ಅದೇ ಗೆಡ್ಡೆಯನ್ನು ಅವರು ‘ಕೊಲೊಕಾಸಿ’ ಎನ್ನುತ್ತಿದ್ದರು. ದ್ವೀಪದ ಪೂರ್ವಕ್ಕೆ ಕೆಂಪು ಮಣ್ಣಿನ ಸೀಮೆ ಅವರದು. ಅಲ್ಲಿ ಅದನ್ನು ಹೊಲಗಟ್ಟಲೆ ಬೆಳೆಯುತ್ತಾರೆ. ಲೋಕಕ್ಕೆಲ್ಲ ಅದನ್ನು ಕೊಟ್ಟದ್ದು ತಮ್ಮ ದ್ವೀಪವೇ ಎಂಬುದು ಅವರ ವಾದ. ನಾನು ಶಾಲೆ ಬಿಟ್ಟ ಮೇಲೆ ಓದಿದ್ದೆಲ್ಲ ಗ್ರಂಥಾಲಯದಲ್ಲಿ. ಅಲ್ಲಿನ ಪುಸ್ತಕಗಳನ್ನು ಮುಂದಿಟ್ಟು, ಅದು ನಮ್ಮ ಕಡೆಯಿಂದ ಪಶ್ಚಿಮಕ್ಕೆ ಹೋಗಿ, ಈಜಿಪ್ಟನ್ನು ದಾಟಿ ಅವರಲ್ಲಿಗೆ ಬಂದದ್ದೆಂದು ತೋರಿಸಿದೆ.

“ಕೊಟ್ಟಾಗ ನಿಮ್ಮೋರು ರಸೀದಿ ತಗೊಂಡ್ರಾ?” ಎಂದರು.

“ಇಲ್ಲ.”

“ಹಾಗಾದ್ರೆ ನಮ್ಮದು.”

ಅವರು ಅದನ್ನು ಅಡುಗೆ ಮಾಡುವ ಕ್ರಮವನ್ನು ನಾನು ಮೊದಲ ಬಾರಿ ನೋಡಿದ್ದು ನಮ್ಮ ಮನೆಯಲ್ಲೇ. ಗೆಡ್ಡೆಯನ್ನು ಸಿಪ್ಪೆಸಮೇತ ಹಿಂದಿನ ದಿನವೇ ಮಣ್ಣು ಹೋಗುವಂತೆ ತೊಳೆದು, ಪೂರ್ತಿ ಒಣಗಿಸಿ ತಂದಿದ್ದರು. ಸಿಪ್ಪೆ ಹೆರೆದರು. ಒಣ ಬಟ್ಟೆಯಿಂದ ಮಗುವಿನ ಮೈ ಒರೆಸುವಂತೆ ಒರೆಸಿದರು. ಆಮೇಲೆ ಚಾಕುವಿನ ತುದಿಯನ್ನು ಗೆಡ್ಡೆಯ ಅಂಚಿಗೆ ಸ್ವಲ್ಪವೇ ಇಳಿಸಿ, ಮಣಿಕಟ್ಟನ್ನು ತಿರುವಿದರು. ಟಕ್ ಎಂದು ಒಂದು ತುಂಡು ಮುರಿದು ಬಂತು. ಹೀಗೆ ಒಂದೊಂದನ್ನೂ ಮುರಿದು ಬಿಳಿಯ ಬಟ್ಟೆಯ ಮೇಲೆ ಹರಡಿದರು. ನನ್ನ ಹೆಂಡತಿ ಅಷ್ಟನ್ನೂ ನೋಡಿ, ಸಹಜವಾಗಿ, ತುಂಡುಗಳನ್ನು ಬಾಚಿಕೊಂಡು ನಲ್ಲಿಯ ಕಡೆ ನಡೆದಳು. ಅವರು ಎದ್ದು ಓಡಿಬಂದು ನಲ್ಲಿಗೆ ಅಡ್ಡ ನಿಂತರು.

“ಸಿಪ್ಪೆ ತೆಗೆದ ಮೇಲೆ ನೀರು ತಾಕಿಸಬಾರದು. ಚಾಕುವಿನಿಂದ ಪೂರ್ತಿ ಕೊಯ್ಯಬಾರದು. ಎರಡರಲ್ಲಿ ಒಂದು ಮಾಡಿದರೂ ಅದು ಅಳೋಕೆ ಶುರು ಮಾಡುತ್ತೆ.”

ಅಳುವುದೆಂದರೆ ಲೋಳೆ ಬಿಡುವುದು. ಮುರಿದ ತುಂಡುಗಳನ್ನು ಒಣದಾಗಿಯೇ ಎಣ್ಣೆಯಲ್ಲಿ ಕೆಂಪಗೆ ಹುರಿದರೆ ಲೋಳೆ ಅಲ್ಲಿಯೇ ಕಟ್ಟಿಕೊಳ್ಳುತ್ತದೆ. ಆಮೇಲೆ ಈರುಳ್ಳಿ, ಸೆಲರಿ ಸೊಪ್ಪಿನ ದಂಟು ಸೇರಿಸಿ ಮೆತ್ತಗಾಗುವ ತನಕ ಬೇಯಿಸಬೇಕು. ಸೌಟು ಹಾಕದೆ ಪಾತ್ರೆಯನ್ನೇ ಹಿಡಿದು ಅಲುಗಿಸಬೇಕು. ಟೊಮೇಟೊ, ನಿಂಬೆರಸ ಕೊನೆಗೆ. ಮೊದಲೇ ಹುಳಿ ಬಿದ್ದರೆ ಗೆಡ್ಡೆ ಕಲ್ಲಾಗಿ ಉಳಿಯುತ್ತದೆ. ಅವರಲ್ಲಿ ಸಾಮಾನ್ಯವಾಗಿ ಇದಕ್ಕೆ ಹಂದಿಮಾಂಸ ಬೀಳುತ್ತದೆ. ನಮಗಾಗಿ ಮಾಡಿದ್ದು ಉಪವಾಸದ ಬಗೆ.

“ತೊಳೀದೇ ಇರೋ ಅಡುಗೆ ಇದೇ ಮೊದಲು ತಿಂತಿರೋದು,” ಎಂದಳು ನನ್ನ ಹೆಂಡತಿ, ಎರಡನೆಯ ಸಲ ಬಡಿಸಿಕೊಳ್ಳುತ್ತಾ. “ಚೆನ್ನಾಗಿದೆ. ಆದರೆ ಪಥ್ಯದೋರ ಊಟದ ಥರ ಇದೆ, ಒಂದು ಮೆಣಸಿನಕಾಯಿ ಗತಿ ಇಲ್ಲ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮುಖ ಗಂಟಿಕ್ಕಿದರು. “ನಿಮ್ಮ ಸಾರಲ್ಲಿ ಎಲ್ಲರೂ ಒಟ್ಟಿಗೇ ಕಿರುಚ್ತಾರೆ. ತರಕಾರಿಗೆ ಮಾತಾಡೋಕೆ ಜಾಗ ಎಲ್ಲಿ ಬಿಡ್ತೀರಿ?”

ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಮುಂದಿನದೆಲ್ಲ ಈ ಒಂದು ನಿಯಮದ ಮೇಲೆ ನಿಂತಿದೆ.

ಕೆಲವು ವರ್ಷಗಳ ಹಿಂದಿನ ರಾಜ್ಯೋತ್ಸವಕ್ಕೆ ನಮ್ಮ ಕೂಟ ಹೆಂಡರ್ಸನ್‌ನ ಒಂದು ಸಭಾಂಗಣವನ್ನು ಬಾಡಿಗೆಗೆ ಹಿಡಿದಿತ್ತು. ಬೇರೆ ನಾಡಿನ ಒಂದು ಅಡುಗೆಯೂ ಇರಲಿ ಎಂದು ಸಮಿತಿಯವರು ಹೇಳಿದಾಗ ನಾನು ಅವರ ಹೆಸರು ಸೂಚಿಸಿದೆ. ಅವರು ಮೊದಲು ಬೈದರು, ಆಮೇಲೆ ಒಪ್ಪಿದರು, ಆಮೇಲೆ ಒಂದು ವಾರ ಅದರ ಬಗ್ಗೆಯೇ ಮಾತಾಡಿದರು. ಈ ದೇಶದಲ್ಲಿ ಹೊರಗಿನವರಿಗೆಂದು ಅವರು ತಮ್ಮ ಊರಿನ ಅಡುಗೆ ಮಾಡುತ್ತಿದ್ದುದು ಅದೇ ಮೊದಲು. ಗೆಡ್ಡೆಗಳನ್ನು ಆರಿಸಿ ತೊಳೆದು ಒಣಗಿಸಿ, ಹಳೆಯ ಯೂಟ್ ಗಾಡಿಯ ಹಿಂದಿನ ತೆರೆದ ತೊಟ್ಟಿಯಲ್ಲಿ ಹಾಸಿಗೆಯ ಮೇಲೆ ಮಲಗಿಸಿದಂತೆ ಜೋಡಿಸಿ ತಂದರು. ಬೆಳಿಗ್ಗೆಯಿಂದ ಕುಳಿತು ಎಲ್ಲವನ್ನೂ ಒಬ್ಬರೇ ಹೆರೆದು, ಒರೆಸಿ, ಮುರಿದು, ಬಟ್ಟೆಯ ಮೇಲೆ ಹರಡಿ, ಎಣ್ಣೆಯ ಪಾತ್ರೆಯನ್ನು ಒಲೆಯ ಮೇಲಿಟ್ಟಿದ್ದರು. ಬೆಂಕಿ ಇನ್ನೂ ಹಚ್ಚಿರಲಿಲ್ಲ.

ಆಗ ನಮ್ಮ ಅಧ್ಯಕ್ಷರು ಬಂದರು. ಬಾಟನಿ ಡೌನ್ಸ್‌ನಲ್ಲಿ ಮನೆ, ಒಳ್ಳೆಯ ಎಂಜಿನಿಯರ್, ಸಮಾರಂಭವೆಂದರೆ ಜೀವ ಬಿಡುವವರು. “ಅಂಕಲ್, ಚೀಫ್ ಗೆಸ್ಟ್ ಬೇಗ ಹೊರಡ್ಬೇಕಂತೆ. ನಿಮ್ಮ ಸನ್ಮಾನ ಈಗಲೇ ಮುಗಿಸಿಬಿಡೋಣ. ಐದೇ ನಿಮಿಷ.”

ಅಡುಗೆಗೆ ಬಂದವರನ್ನು ಅಡುಗೆಯ ನಡುವೆ ಎಬ್ಬಿಸಿ ಶಾಲು ಹೊದಿಸುವುದು ನಮ್ಮಿಂದ ಮಾತ್ರ ಸಾಧ್ಯ. ಅವರು ಒಪ್ಪಲಿಲ್ಲ. ಅಧ್ಯಕ್ಷರು ಕೈ ಹಿಡಿದುಕೊಂಡರು. ಹೋಗುವ ಮುನ್ನ ಅವರು ಅಡುಗೆಮನೆಯಲ್ಲಿದ್ದ ಸ್ವಯಂಸೇವಕರಿಗೆ, ತಮ್ಮ ಮುರುಕು ಇಂಗ್ಲಿಷಿನಲ್ಲಿ, “ನಾನು ಬರುವ ತನಕ ಮುಟ್ಟಬೇಡಿ,” ಎಂದರು. ಎಲ್ಲರೂ “ಓಕೆ ಅಂಕಲ್” ಎಂದರು. ನನ್ನ ಹೆಂಡತಿ ಅಲ್ಲಿ ಇದ್ದಿದ್ದರೆ ಸಾಕಿತ್ತು. ಅವಳು ಮಗಳ ಬಾಣಂತನಕ್ಕೆಂದು ವೆಲಿಂಗ್ಟನ್ನಿನಲ್ಲಿದ್ದಳು. ನನ್ನನ್ನು ಅವರ ಮಾತನ್ನು ಕನ್ನಡಕ್ಕೆ ಹೇಳಲೆಂದು ವೇದಿಕೆಗೆ ಕರೆದರು.

ವೇದಿಕೆಯ ಮೇಲೆ ಪ್ರಾರ್ಥನೆಯಾಯಿತು. ದೀಪವಾಯಿತು. ಸಂಸ್ಕೃತಿಗಳ ಸಂಗಮವೆಂಬ ವಿಷಯವಾಗಿ ಭಾಷಣವಾಯಿತು. ಅವರ ತಲೆಗೆ ಮೈಸೂರು ಪೇಟ ತೊಡಿಸಿದರು, ಅದು ಸ್ವಲ್ಪ ದೊಡ್ಡದಾಗಿ ಹುಬ್ಬಿನ ತನಕ ಇಳಿಯಿತು. ಶಾಲು ಬಂತು. ಹಾರ ಎಲ್ಲೋ ಕಾಣದಾಗಿ, ಹುಡುಕಲು ಜನ ಹೋದರು.

“ಕುಂಬಾರೆ, ಇನ್ನೂ ಎಷ್ಟು ಹೊತ್ತು?”

“ಹಾರ ಒಂದು ಬಾಕಿ.”

“ಮದುಮಗ ನಾನು ಅಂತ ಗೊತ್ತಾಯ್ತು. ಹೆಣ್ಣು ಯಾರು?”

ಇಷ್ಟು ಹೇಳಿ ಅವರು ಮತ್ತೆ ಅಡುಗೆಮನೆಯ ಕಡೆ ತಿರುಗಿದರು. ಆ ಸಭಾಂಗಣದಲ್ಲಿ ಅಡುಗೆಮನೆಗೂ ಹಾಲ್‌ಗೂ ನಡುವೆ ಬಡಿಸಲು ಅನುಕೂಲವಾಗಲೆಂದು ಅಗಲವಾದ ಒಂದು ಕಿಂಡಿ ಇದೆ. ಅದರಾಚೆ ಜನ ಓಡಾಡುವುದು ಕಾಣುತ್ತಿತ್ತು. ಏನು ಮಾಡುತ್ತಿದ್ದಾರೆಂದು ಅಷ್ಟು ದೂರದಿಂದ ತಿಳಿಯುತ್ತಿರಲಿಲ್ಲ.

ನಾವು ಇಳಿಯುವಷ್ಟರಲ್ಲಿ ಮೊದಲ ಪಂಕ್ತಿಗೆ ಬಡಿಸಿಯಾಗಿತ್ತು. ಊಟದ ಹೊತ್ತು ಮೀರುತ್ತಿದೆಯೆಂದು ಸ್ವಯಂಸೇವಕರು ತಾವೇ ಒಲೆ ಹಚ್ಚಿ, ಸಹಾಯ ಮಾಡಿಬಿಟ್ಟಿದ್ದರು. ಪೇಟ ತಲೆಯ ಮೇಲಿದ್ದಂತೆಯೇ ಅವರು ಪಾತ್ರೆಯ ಬಳಿ ಹೋದರು. ಸೌಟು ಎತ್ತಿದರು. ಅಂಟಿನಂತೆ ಎಳೆ ಎಳೆಯಾಗಿ ಇಳಿಯಿತು. ಒಂದು ತುಂಡನ್ನು ಹಲ್ಲಿಗಿಟ್ಟು ಉಗಿದರು. ಹೊರಗೆ ಲೋಳೆ, ಒಳಗೆ ಹಸಿ.

“ಇದು ನಾನು ಮಾಡಿದ್ದಲ್ಲ. ಇನ್ನು ಯಾರಿಗೂ ಬಡಿಸಬೇಡಿ,” ಎಂದರು.

ಅಷ್ಟರಲ್ಲಿ ಹಾಲ್‌ನಲ್ಲಿ ಮೊದಲ ಪಂಕ್ತಿಯವರು ಗಂಟಲು ಹಿಡಿದುಕೊಳ್ಳುತ್ತಿದ್ದರು. ಬೇಯದ ಕೆಸುವಿನ ತುರಿಕೆ ಏನೆಂದು ಬಲ್ಲವರು ಮೊಸರಿಗೆ ಕೈ ಚಾಚಿದರು. ಇಲ್ಲಿಯೇ ಹುಟ್ಟಿದ ಮಕ್ಕಳು ಅತ್ತವು. ಯಾರಿಗೂ ಅಪಾಯವಾಗಲಿಲ್ಲ. ಆದರೆ ಮೈಕಿನಲ್ಲಿ ಘೋಷಣೆಯಾಯಿತು: “ಗ್ರೀಕ್ ಅಂಕಲ್ ಮಾಡಿರೋ ಐಟಂ ದಯವಿಟ್ಟು ಯಾರೂ ತಿನ್ಬೇಡಿ.”

ನಮ್ಮಲ್ಲೊಬ್ಬರು ಡಾಕ್ಟರು. ಮೈಸೂರಿನವರು, ಮೃದು ಮಾತಿನವರು, ಪರೋಪಕಾರಿ. ಅವರು ಬಂದು ಮುದುಕರನ್ನು ಕುರ್ಚಿಯಲ್ಲಿ ಕೂರಿಸಿದರು. “ಅಂಕಲ್, ಇದನ್ನ ನೀವೇ ತಾನೆ ತಂದು ಹೆಚ್ಚಿದ್ದು?”

“ಹೆಚ್ಚಲಿಲ್ಲ. ಮುರಿದೆ.”

“ಸರಿ. ಮತ್ತೆ ಈಗ ನಾನು ಮಾಡಿದ್ದಲ್ಲ ಅಂತೀರಲ್ಲ?”

“ಅಲ್ಲ. ಯಾರೋ ತೊಳೆದಿದ್ದಾರೆ. ಅದಕ್ಕೇ ಕೆಟ್ಟಿದೆ.”

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತರಕಾರಿ ತೊಳೆದರೆ ಕೆಡುತ್ತದೆ ಎನ್ನುವ ಮನುಷ್ಯನ ತಲೆ ಸರಿಯಿರಲು ಸಾಧ್ಯವೇ? ಡಾಕ್ಟರ ದನಿ ಇನ್ನಷ್ಟು ಮೃದುವಾಯಿತು. “ಅಂಕಲ್, ಇವತ್ತು ಯಾವ ವಾರ ಹೇಳ್ತೀರಾ?”

“ನೀವು ನನ್ನ ಅಡುಗೆ ಹಾಳು ಮಾಡಿದ ವಾರ.”

ವಾರದ ಹೆಸರು ಹೇಳಲು ಅವರಿಗೆ ಆಗಲಿಲ್ಲವೆಂದು ತೀರ್ಮಾನವಾಯಿತು. ನಾನು ಅಡ್ಡ ಬಂದೆ. ಅವರ ಊರಿನ ಕ್ರಮವೇ ಹಾಗೆಂದು ಹೇಳಿದೆ, ನನ್ನ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆಂದೆ. “ನೀವು ಅವರ ಫ್ರೆಂಡು ಅಂಕಲ್, ನಿಮಗೆ ಬೇಜಾರಾಗೋದು ಸಹಜ,” ಎಂದರು ಡಾಕ್ಟರು, ನನ್ನ ಹೆಗಲನ್ನೂ ತಟ್ಟಿ.

ಅಂದೇ ಸಂಜೆ ಅವರು ಕಾಳಜಿಯಿಂದ ಮುದುಕರ ಮಗನಿಗೆ ಫೋನ್ ಮಾಡಿದರು. ತಂದೆಯನ್ನು ಒಲೆಯ ಹತ್ತಿರ ಒಂಟಿಯಾಗಿ ಬಿಡುವುದು ಕ್ಷೇಮವಲ್ಲ ಎಂದರು. ಮಗ ಮನೆ ಮಾರಾಟದ ಏಜೆಂಟು, ಇಲ್ಲಿಯೇ ಹುಟ್ಟಿದವನು. ಡಾಕ್ಟರೊಬ್ಬರು ತಾವಾಗಿಯೇ ಕರೆ ಮಾಡಿ ಹೇಳಿದ ಮೇಲೆ ಅವನಾದರೂ ಏನು ಮಾಡಿಯಾನು? ಮುಂದಿನ ವಾರ ಗ್ಯಾಸಿನ ಸಂಪರ್ಕ ತೆಗೆಸಿ, ಒಂದು ಮೈಕ್ರೋವೇವ್ ತಂದಿಟ್ಟ. ಹಿತ್ತಲಲ್ಲಿ ತಂದೆ ತಮ್ಮ ಕೈಯಾರೆ ಕಟ್ಟಿದ್ದ ಮಣ್ಣಿನ ಗೂಡೊಲೆಯನ್ನು ಕೆಡವಿಸಿದ. ಆ ಒಲೆಯಲ್ಲಿ ಅವರು ಪ್ರತಿ ಈಸ್ಟರಿಗೆ ಚೀಸ್ ತುಂಬಿದ ರೊಟ್ಟಿಗಳನ್ನು ಸುಡುತ್ತಿದ್ದರು. ಬೀದಿಯ ತುಂಬ ಪರಿಮಳ ಹರಡುತ್ತಿತ್ತು. ನನಗೆ ಮಾತ್ರ ಕೊಡುತ್ತಿರಲಿಲ್ಲ; ಆ ಚೀಸಿಗಾಗಿ ಹಾಲು ಒಡೆಸಲು ಕರುವಿನ ಹೊಟ್ಟೆಯ ರಸ ಬೀಳುತ್ತದೆ, ನಿನಗಲ್ಲ ಎಂದು ಮೊದಲೇ ಎಚ್ಚರಿಸಿದ್ದರು.

ಬೆಂಕಿಯಿಲ್ಲದ ಮನೆಯಲ್ಲಿ ಅವರು ಒಂದು ಚಳಿಗಾಲ ಇದ್ದರು. ಪೊಟ್ಟಣದ ಊಟ ಬಿಸಿ ಮಾಡಿಕೊಳ್ಳದೆ ಹಾಗೆಯೇ ಬಿಸಾಡಿ ತೂಕ ಇಳಿದರು. ತೂಕ ಇಳಿದದ್ದೂ ಮರೆವಿನ ಗುರುತೇ ಎಂದು ಹೇಳಿದವರಿದ್ದರು. ಆಮೇಲೆ ಮಗ ಅವರನ್ನು ವೃದ್ಧರ ಆರೈಕೆಯ ಮನೆಯೊಂದಕ್ಕೆ ಸೇರಿಸಿದ.

ಅಲ್ಲಿಗೆ ನಾನು ಹೋಗುತ್ತಿದ್ದೆ. ಅಲ್ಲಿನವರು ಕೆಟ್ಟವರಲ್ಲ. ಕುಂಬಳಕಾಯಿಯನ್ನು ಅರೆದು, ಬಟಾಣಿಯನ್ನು ಅರೆದು, ಮಾಂಸವನ್ನು ಅರೆದು, ತಟ್ಟೆಯಲ್ಲಿ ಬೇರೆ ಬೇರೆ ಬಣ್ಣದ ಗುಡ್ಡೆ ಹಾಕಿ ತಂದಿಡುತ್ತಿದ್ದರು. ಅವರು ಚಮಚವನ್ನು ಮುಟ್ಟದೆ ನನ್ನನ್ನು ಕೇಳುತ್ತಿದ್ದರು: “ಇದರಲ್ಲಿ ಗೆಡ್ಡೆ ಯಾವುದು, ಕಾಳು ಯಾವುದು, ಹೇಳು ನೋಡೋಣ. ನಿನಗೂ ಗೊತ್ತಾಗ್ತಿಲ್ಲ. ಡಾಕ್ಟರನ್ನ ಕರೀತೀನಿ ಇರು.” ಕೆಸುವಿನ ಕ್ರಮವನ್ನು ಮೊದಲಿಂದ ಕೊನೆಯ ತನಕ ಹೇಳುತ್ತಿದ್ದರು. ಒರೆಸುವುದು, ಮುರಿಯುವುದು, ಹುರಿಯುವುದು, ಹುಳಿ ಕೊನೆಗೆ. ಹೋದಾಗಲೆಲ್ಲ ಅದನ್ನೇ. ಹೇಳಿದ್ದನ್ನೇ ಹೇಳುತ್ತಾರೆಂದು ಅಲ್ಲಿನ ಹುಡುಗಿ ಕಾಗದದಲ್ಲಿ ಗುರುತು ಹಾಕಿಕೊಂಡಳು. ನಾನು ಪ್ರತಿ ಸಲವೂ ಗಮನವಿಟ್ಟು ಕೇಳಿದ್ದೇನೆ; ಒಂದು ಸಲವೂ ಹೆಜ್ಜೆ ತಪ್ಪಲಿಲ್ಲ. ಮರೆತವನು ತಪ್ಪುತ್ತಾನೆ. ಇವರು ಸಾಕ್ಷಿಕಟ್ಟೆಯಲ್ಲಿ ನಿಂತವರಂತೆ ಹೇಳುತ್ತಿದ್ದರು, ಕೇಳುವ ನ್ಯಾಯಾಧೀಶರು ಯಾರೂ ಇರಲಿಲ್ಲ.

ಒಂದು ದಿನ ನಾನು ಬೇಕೆಂದೇ ಕೆಣಕಿದೆ. “ಕೆಸು ಈಜಿಪ್ಟಿನಿಂದ ನಿಮ್ಮಲ್ಲಿಗೆ ಬಂದದ್ದು ಅಂತ ನೀವೇ ಒಪ್ಪಿದ್ರಲ್ಲ.”

“ರಸೀದಿ ತೋರಿಸು,” ಎಂದರು ತಕ್ಷಣ.

ಅವರ ಊರಿನಲ್ಲಿ ಸತ್ತವರಿಗಾಗಿ ಗೋಧಿ ಬೇಯಿಸುತ್ತಾರೆ. ಬೆಂದ ಗೋಧಿಯನ್ನು ಒಣಗಿಸಿ, ಎಳ್ಳು, ಬಾದಾಮಿ, ದಾಳಿಂಬೆ ಬೆರೆಸಿ, ಬಂದವರಿಗೆಲ್ಲ ಹಂಚುತ್ತಾರೆ. ತಮ್ಮ ಹೆಂಡತಿಗಾಗಿ ಅವರೇ ಮಾಡಿದ್ದರಂತೆ. ಅವರು ತೀರಿಕೊಂಡಾಗ, ಶವಸಂಸ್ಕಾರದ ದಿನ, ಕೇಟರಿಂಗ್‌ನವರು ಸ್ಯಾಂಡ್‌ವಿಚ್ ಮತ್ತು ಸುಶಿ ತಂದಿಟ್ಟಿದ್ದರು. ನಮ್ಮ ಕೂಟದಿಂದ ದೊಡ್ಡದೊಂದು ಹೂಗುಚ್ಛ ಬಂದಿತ್ತು. ಅದರ ಚೀಟಿಯಲ್ಲಿಯೂ ‘ಗ್ರೀಕ್ ಅಂಕಲ್’ ಎಂದೇ ಇತ್ತು.

ಸ್ಮರಣ ಸಂಚಿಕೆಯ ಪ್ರತಿ ಕೈಗೆ ಬಂದ ಮೇಲೆ ನಾನು ಬಾಟನಿ ಡೌನ್ಸ್‌ಗೆ ಹೋಗಿ ಅಧ್ಯಕ್ಷರ ಮನೆಯಲ್ಲಿ ಕುಳಿತೆ. ಡಾಕ್ಟರೂ ಇದ್ದರು. ಶ್ರದ್ಧಾಂಜಲಿಗೆ ತಿದ್ದುಪಡಿ ಪ್ರಕಟಿಸಿ ಎಂದೆ.

“ಬಿಡಿ ಅಂಕಲ್. ಒಳ್ಳೆ ಮಾತೇ ಬರ್ದಿದೀವಲ್ಲ,” ಎಂದರು ಅಧ್ಯಕ್ಷರು.

“ಒಳ್ಳೆಯ ಮಾತಿನೊಳಗೆ ಅವರನ್ನು ಹುಚ್ಚರನ್ನಾಗಿ ಮಾಡಿದ್ದೀರಿ.”

“ಮರೆವು ಅಂದ್ರೆ ಹುಚ್ಚು ಅಲ್ಲ ಅಂಕಲ್,” ಡಾಕ್ಟರು ಸಮಾಧಾನವಾಗಿ ಹೇಳಿದರು. “ಆಮೇಲಾದ್ರೂ ಅದು ಖಚಿತವಾಯ್ತಲ್ಲ. ರೆಸ್ಟ್ ಹೋಮ್‌ನಲ್ಲೇ ಹೋದ್ರು.”

“ಒಲೆ ಕಿತ್ತುಕೊಂಡ ಮೇಲೆ ಹೋದರು.”

“ಹೋದೋರು ಹೋದ್ರು. ಈಗ ಯಾರಿಗೆ ಏನು ಉಪಯೋಗ?” ಎಂದರು ಅಧ್ಯಕ್ಷರು. ಅವರ ಶ್ರೀಮತಿ ಕಾಫಿ ತಂದರು. ಕಾಫಿ ಚೆನ್ನಾಗಿತ್ತು. ಮಾತು ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಭಾವಿಸಿದರು.

ಮುಗಿದಿಲ್ಲ. ಅಂದು ಅಡುಗೆಮನೆಯಲ್ಲಿದ್ದವರಲ್ಲಿ ಹುಬ್ಬಳ್ಳಿಯ ಕಡೆಯ ನರ್ಸ್ ಒಬ್ಬಾಕೆ ಇದ್ದಾಳೆ. ಈಗಲೂ ಹೆಂಡರ್ಸನ್‌ನಲ್ಲಿಯೇ ಇದ್ದಾಳೆ, ಕೇಳಿದವರಿಗೆ ಹೇಳುತ್ತಾಳೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಶವಸಂಸ್ಕಾರದ ದಿನ ಚರ್ಚಿನ ಹೊರಗೆ ನನ್ನನ್ನು ನಿಲ್ಲಿಸಿಕೊಂಡು ಹೇಳಿದ್ದಿಷ್ಟು:

“ಕಾಕಾ, ತೊಳದಾಕಿ ನಾನ ರೀ. ಸಿಪ್ಪಿ ತಗದ ಗಡ್ಡಿ ಹಂಗ ಅರಿವಿ ಮ್ಯಾಲ ಹರವಿ ಇಟ್ಟಿದ್ರು. ಮುದುಕರು, ತೊಳೀಲಿಕ್ಕೆ ಮರತಾರ ಅಂತ ತಿಳಕೊಂಡೆ. ಎರಡೆರಡು ನೀರಾಗ ತೊಳದೆ. ಆಮ್ಯಾಲ ಲೋಳಿ ಬಂತು, ಉಳದವ್ರು ಹುಳಿ ಹಾಕಿ ಜೋರಾಗಿ ತಿರವಿದ್ರು, ತಳ ಹತ್ತಾಕತ್ತಿತ್ತು ಅಂತ ಇಳಿಸಿಬಿಟ್ಟಿವಿ. ನಾ ಅವತ್ತ ಅಧ್ಯಕ್ಷರಿಗೆ ಹೇಳೀನ್ರಿ. ‘ತೊಳದದ್ರಾಗ ಏನ್ ತಪ್ಪೈತಿ ಸಿಸ್ಟರ್, ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ’ ಅಂದ್ರು. ಡಾಕ್ಟರಿಗೂ ಹೇಳೀನಿ. ಅವರು ನಕ್ರು.”

ಒಬ್ಬಳ ಮಾತು ಸಾಲದೆನ್ನುವವರು ಇದ್ದಾರು. ಅವರು ಅದೇ ಸ್ಮರಣ ಸಂಚಿಕೆಯನ್ನು ತೆಗೆದು, ಶ್ರದ್ಧಾಂಜಲಿಯ ಪುಟವನ್ನು ದಾಟಿ, ಹಳೆಯ ರಾಜ್ಯೋತ್ಸವಗಳ ಚಿತ್ರಗಳನ್ನು ಅಚ್ಚು ಮಾಡಿರುವ ಕಡೆಗೆ ಬರಬೇಕು. ಬಲಗಡೆ, ಕೆಳಗೆ, ‘ಅಡುಗೆಮನೆಯಲ್ಲಿ ಮಹಿಳೆಯರ ಉತ್ಸಾಹ’ ಎಂಬ ಶೀರ್ಷಿಕೆಯ ಬಣ್ಣದ ಚಿತ್ರವಿದೆ. ಸಂಚಿಕೆ ಕೂಟದ ಎಲ್ಲರ ಮನೆಯಲ್ಲಿಯೂ ಇದೆ. ಇಲ್ಲದವರು ನನ್ನ ಮನೆಗೆ ಬಂದು ನೋಡಬಹುದು. ಚಿತ್ರದಲ್ಲಿ ನಾಲ್ಕಾರು ಹೆಂಗಸರು ಕ್ಯಾಮೆರಾದ ಕಡೆ ನಗುತ್ತಿದ್ದಾರೆ. ಮುಂದೆ ಸ್ಟೀಲಿನ ಸಿಂಕು. ಅದರ ತುಂಬ ಬಿಳಿಯ ತುಂಡುಗಳು. ಚಾಕು ಕೊಯ್ದ ನುಣುಪು ಅವುಗಳಲ್ಲಿಲ್ಲ, ಕಲ್ಲು ಒಡೆದಂತೆ ಒರಟಾಗಿವೆ. ಹಿಂದೆ ಬಡಿಸುವ ಕಿಂಡಿ ತೆರೆದಿದೆ. ಅದರಾಚೆ, ಸಣ್ಣದಾಗಿ, ಸ್ಪಷ್ಟವಾಗಿ, ವೇದಿಕೆ ಕಾಣುತ್ತದೆ. ಅಲ್ಲಿ ಕುಳಿತವರೆಲ್ಲರೂ ಮೈಕಿನ ಕಡೆ ನೋಡುತ್ತಿದ್ದಾರೆ. ಮೈಸೂರು ಪೇಟ ಹುಬ್ಬಿನ ತನಕ ಇಳಿದಿರುವ ಒಬ್ಬರು ಮಾತ್ರ ಕತ್ತು ಹೊರಳಿಸಿ ಅಡುಗೆಮನೆಯ ಕಡೆ ನೋಡುತ್ತಿದ್ದಾರೆ.

ಸಿಂಕಿನ ನಲ್ಲಿ ತೆರೆದಿದೆ.